ಹೊಸ ಸೂಪರ್‌ವೈಸರ್‌ಗಳಿಗೆ ಮುಂದಾಳುತನದ ತರಬೇತಿ: ರೆಸಾರ್ಟ್‌ನಲ್ಲೋ, ಯಂತ್ರದ ಪಕ್ಕದಲ್ಲೋ?

ಪೀಣ್ಯ ಮೆಷಿನ್‌ಶಾಪ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಸಣ್ಣ ಘಟಕದ ಉತ್ಪಾದನೆಯನ್ನು ನೋಡಿಕೊಳ್ಳುತ್ತೇನೆ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳು, ಮಿಲ್ಲಿಂಗ್ ಯಂತ್ರಗಳು, ಮೂರು ಪಾಳಿಯ ಕೆಲಸ. ಈ ವರ್ಷ ಕೆಲವು ಸೆಟ್ಟರ್‌ಗಳಿಗೆ (ಕೆಲಸಕ್ಕೆ ಯಂತ್ರವನ್ನು ಸಜ್ಜುಗೊಳಿಸುವವರಿಗೆ) ಸೂಪರ್‌ವೈಸರ್ ಆಗಿ ಬಡ್ತಿ ಕೊಟ್ಟಿದ್ದೇವೆ. ಎಲ್ಲರೂ ಕೈ ಪಳಗಿದವರು, ಡ್ರಾಯಿಂಗ್ ನೋಡಿದ ಕೂಡಲೇ ಟೂಲ್ ಯಾವುದೆಂದು ಹೇಳಬಲ್ಲವರು.

ತೊಂದರೆ ಇರುವುದು ಬೇರೆ ಕಡೆ. ಆಪರೇಟರ್ ಆಫ್‌ಸೆಟ್ (ಟೂಲ್‌ನ ಸ್ಥಾನ ಸರಿಹೊಂದಿಸುವ ಅಳತೆ) ತಪ್ಪಾಗಿ ಕೊಟ್ಟರೆ ಅವನನ್ನು ಪಕ್ಕಕ್ಕೆ ಸರಿಸಿ ತಾವೇ ಸರಿಪಡಿಸಿ ಹೋಗುತ್ತಾರೆ. ಮರುದಿನ ಅದೇ ತಪ್ಪು, ಅದೇ ಓಟ. ನಿನ್ನೆಯವರೆಗೆ ಜೊತೆಯಲ್ಲಿ ಚಹಾ ಕುಡಿದ ಗೆಳೆಯನಿಗೆ ಇಂದು ಕೆಲಸ ಹೇಳಲು ಒಬ್ಬರಿಗೆ ಸಂಕೋಚ. ಇನ್ನೊಬ್ಬರು ಆ ಸಂಕೋಚವನ್ನು ಗದರಿ ಮುಚ್ಚಿಕೊಳ್ಳುತ್ತಾರೆ. ರಾತ್ರಿ ಪಾಳಿಯಲ್ಲಿ ರಿಜೆಕ್ಟ್ ಆದ ಜಾಬ್‌ಗಳ (ತಯಾರಾದ ಬಿಡಿಭಾಗಗಳ) ಸುದ್ದಿ ಬೆಳಗಿನ ಪಾಳಿಯವರಿಗೆ ತಲುಪುವುದೇ ಇಲ್ಲ.

ಮಾಲೀಕರು ತರಬೇತಿಗೆ ಹಣ ಕೊಡಲು ಒಪ್ಪಿದ್ದಾರೆ. ಅವರ ಮನಸ್ಸಿನಲ್ಲಿರುವುದು ರಾಮನಗರದ ಕಡೆ ಒಂದು ರೆಸಾರ್ಟ್‌ನಲ್ಲಿ ಒಂದು ದಿನ: ಹಗ್ಗಜಗ್ಗಾಟ, ಕಣ್ಣಿಗೆ ಬಟ್ಟೆ ಕಟ್ಟಿ ನಡೆಯುವ ಆಟ, ಸಂಜೆ ಒಂದು ಭಾಷಣ. ಹುಡುಗರಿಗೆ ಖುಷಿಯಾಗುತ್ತದೆ ಎಂಬುದು ನಿಜ. ಆದರೆ ಸೋಮವಾರ ಯಂತ್ರದ ಮುಂದೆ ನಿಂತಾಗ ಅದರಿಂದ ಏನು ಬದಲಾಗುತ್ತದೆ ಎಂಬುದು ನನಗೆ ಕಾಣುತ್ತಿಲ್ಲ. ನೀವು ಕಣ್ಣಾರೆ ಫಲ ಕಂಡ ಚಟುವಟಿಕೆಗಳಿದ್ದರೆ ದಯವಿಟ್ಟು ಬರೆಯಿರಿ.

ಹಳೆಯ ಟೂಲ್‌ರೂಮ್

ನಿಮ್ಮ ಸಂಕಟ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಇದನ್ನೇ ಎದುರಿಸಿದವು. ಅನುಭವಿಗಳು ಸೇನೆಗೆ ಹೋದರು, ಎಂದೂ ಯಂತ್ರ ಮುಟ್ಟದವರು ಕೆಲಸಕ್ಕೆ ಬಂದರು, ನಿನ್ನೆಯ ಕಾರ್ಮಿಕ ಇಂದಿನ ಮೇಲ್ವಿಚಾರಕನಾದ. ಆಗ 1940ರಲ್ಲಿ ಆರಂಭವಾದದ್ದು ಟಿಡಬ್ಲ್ಯುಐ, ಅಂದರೆ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಎಂಬ ಸರ್ಕಾರಿ ಕಾರ್ಯಕ್ರಮ. 1945ರಲ್ಲಿ ಅದು ಮುಗಿಯುವ ಹೊತ್ತಿಗೆ 16 ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ತರಬೇತಿ ಪಡೆದಿದ್ದರು. ಯುದ್ಧದ ನಂತರ ಅದು ಜಪಾನಿಗೆ ಹೋಯಿತು, 1950ರ ದಶಕದಲ್ಲಿ ಟೊಯೊಟಾ ಅದನ್ನು ತನ್ನದಾಗಿಸಿಕೊಂಡಿತು.

ಆ ತರಬೇತಿಯನ್ನು ಭಾಗಗಳಾಗಿ ಕೊಡುತ್ತಿದ್ದರು, ಒಂದು ಭಾಗಕ್ಕೆ ಹತ್ತು ಗಂಟೆ. ಎರಡೆರಡು ಗಂಟೆಯ ಐದು ಬೈಠಕ್. ಒಂದು ಗುಂಪಿನಲ್ಲಿ ಹತ್ತು ಜನ ಮೀರುವಂತಿಲ್ಲ. ಭಾಷಣ ಕೇಳಿ ಎದ್ದು ಹೋಗುವ ಹಾಗಿಲ್ಲ, ಪ್ರತಿಯೊಬ್ಬರೂ ತಮ್ಮ ವಿಭಾಗದ ಒಂದು ನಿಜವಾದ ಕೆಲಸವನ್ನು ತಂದು ಉಳಿದವರ ಎದುರು ಕಲಿಸಿ ತೋರಿಸಬೇಕು.

ಮೊದಲ ಬೈಠಕ್‌ನ ಚಟುವಟಿಕೆಯನ್ನು ಹೇಳುತ್ತೇನೆ, ಇದನ್ನು ನೀವು ನಾಳೆಯೇ ಮಾಡಬಹುದು. ಬಲ್ಬ್ ಹೋಲ್ಡರ್ ಒಳಗೆ ವೈರ್ ಜಗ್ಗಿದರೂ ಕಿತ್ತು ಬರದಂತೆ ಹಾಕುವ ಒಂದು ಗಂಟಿದೆ. ತರಬೇತುದಾರ ಒಬ್ಬರನ್ನು ಮುಂದೆ ಕರೆದು ಆ ಗಂಟು ಹಾಕುವುದನ್ನು ಬರೀ ಬಾಯಿಯಲ್ಲಿ ವಿವರಿಸುತ್ತಾನೆ: ‘ಎಡಗಡೆಯ ಎಳೆಯನ್ನು ಮುಂದಿನಿಂದ ಬಳಸಿ ಹಿಂದಕ್ಕೆ...’ ಆತ ಹಾಕಲಾರ. ಆಮೇಲೆ ಇನ್ನೊಬ್ಬರಿಗೆ ಒಂದು ಮಾತೂ ಆಡದೆ ಕೈಯಲ್ಲಿ ಮಾಡಿ ತೋರಿಸುತ್ತಾನೆ. ಅವರಿಗೂ ಬರುವುದಿಲ್ಲ. ಮೂರನೆಯವರಿಗೆ ಕ್ರಮಬದ್ಧವಾಗಿ ಕಲಿಸುತ್ತಾನೆ: ಮೊದಲು ಅವರನ್ನು ನಿರಾಳಗೊಳಿಸಿ ಈ ಕೆಲಸ ಎಷ್ಟು ಗೊತ್ತೆಂದು ಕೇಳುವುದು, ನಂತರ ಹಂತ ಹಂತವಾಗಿ, ಮುಖ್ಯಾಂಶಗಳನ್ನು ಒತ್ತಿ ಹೇಳುತ್ತ ಮಾಡಿ ತೋರಿಸುವುದು, ಬಳಿಕ ಅವರಿಂದ ಮಾಡಿಸಿ, ಮಾಡುತ್ತಲೇ ವಿವರಿಸಲು ಹೇಳುವುದು, ಕೊನೆಗೆ ಅವರನ್ನು ಸ್ವತಂತ್ರವಾಗಿ ಬಿಟ್ಟು, ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಹೋಗಿ ನೋಡುವುದು. ಗಂಟು ಬೀಳುತ್ತದೆ.

ಇದನ್ನು ನೋಡಿದ ಸೆಟ್ಟರ್‌ಗೆ ತನ್ನ ಆಪರೇಟರ್‌ಗೆ ತಾನು ಈವರೆಗೆ ಕಲಿಸಿಯೇ ಇಲ್ಲ ಎಂಬುದು ಯಾರೂ ಹೇಳದೆಯೇ ಹೊಳೆಯುತ್ತದೆ. ಆ ಕಾರ್ಯಕ್ರಮದ ತಳಹದಿಯ ಮಾತು ಇಷ್ಟೇ: ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ

ಹಿರಿಯರ ಮಾತಿಗೆ ಇಲ್ಲಿಂದ ಒಂದು ಸಾಕ್ಷ್ಯ. ಜರ್ಮನಿಯಲ್ಲಿ ಕಾರ್ಖಾನೆಯ ‘ಮೈಸ್ಟರ್’, ಅಂದರೆ ಪರಿಣತ ಮೇಲ್ವಿಚಾರಕ ಆಗಬೇಕಾದರೆ ಕಸುಬಿನ ಜ್ಞಾನವೊಂದೇ ಸಾಲದು, ಇನ್ನೊಬ್ಬರಿಗೆ ಕಲಿಸಬಲ್ಲೆ ಎಂಬುದನ್ನೂ ಪರೀಕ್ಷೆಯಲ್ಲಿ ತೋರಿಸಬೇಕು. ಪ್ರಾಯೋಗಿಕ ಪರೀಕ್ಷೆ ಸುಮಾರು ಅರ್ಧ ಗಂಟೆ. ಒಂದು ಕೆಲಸವನ್ನು ಕಲಿಸಿ ತೋರಿಸಬೇಕು ಇಲ್ಲವೇ ಹೇಗೆ ಕಲಿಸುತ್ತೇನೆಂದು ಮಂಡಿಸಬೇಕು, ಆಮೇಲೆ ಏಕೆ ಹಾಗೆ ಕಲಿಸಿದೆ ಎಂದು ಪರೀಕ್ಷಕರಿಗೆ ಉತ್ತರ ಕೊಡಬೇಕು. ಅಲ್ಲಿಯೂ ಹೆಚ್ಚಾಗಿ ಬಳಕೆಯಾಗುವುದು ಇದೇ ನಾಲ್ಕು ಹಂತ. ಬಡ್ತಿ ಕೊಟ್ಟ ಮೇಲೆ ತರಬೇತಿ ಎಂಬುದರ ಬದಲು, ಕಲಿಸಲು ಬರುತ್ತದೆಯೇ ಎಂದು ನೋಡಿ ಬಡ್ತಿ ಕೊಡುವುದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ನಮ್ಮ ಕಡೆ ಹಿರಿತನ ಅಥವಾ ಕೈಚಳಕ, ಈ ಎರಡನ್ನೇ ನೋಡುತ್ತಾರೆ.

ಚಾರಣದವ

ನಾನು ಹೊರಾಂಗಣ ತರಬೇತಿಯನ್ನೇ ವೃತ್ತಿ ಮಾಡಿಕೊಂಡವನು. ಹಗ್ಗಜಗ್ಗಾಟವನ್ನು ತಳ್ಳಿಹಾಕುವ ಮುನ್ನ ಇದರ ಮೂಲವನ್ನು ನೋಡೋಣ. 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಸಂಸ್ಥೆಯ ಲಾರೆನ್ಸ್ ಹೋಲ್ಟ್ ಸೇರಿ ‘ಔಟ್‌ವರ್ಡ್ ಬೌಂಡ್’ ಶಾಲೆ ತೆರೆದದ್ದು ಮೋಜಿಗಲ್ಲ, ಯುವ ನಾವಿಕರು ಸಮುದ್ರದ ಕಷ್ಟವನ್ನು ತಾಳಿಕೊಳ್ಳಲಿ ಎಂದು. ನಮ್ಮಲ್ಲಿ ಬಚೇಂದ್ರಿ ಪಾಲ್ ಅವರು ಎವರೆಸ್ಟ್ ಏರಿದ 1984ರಲ್ಲೇ ಜಮ್‌ಶೆಡ್‌ಪುರದಲ್ಲಿ ಟಾಟಾ ಸ್ಟೀಲ್ ಸಾಹಸ ಪ್ರತಿಷ್ಠಾನ ಹುಟ್ಟಿತು. ಬೆಟ್ಟದ ಮೇಲೆ ಮಳೆ ಬಂದು, ದಾರಿ ತಪ್ಪಿ, ಊಟ ಕಡಿಮೆಯಾದಾಗ ಯಾರು ತಮ್ಮ ಪಾಲನ್ನು ಹಂಚುತ್ತಾರೆ, ಯಾರು ಸಿಡುಕುತ್ತಾರೆ ಎಂಬುದು ಯಾವ ತರಗತಿಯಲ್ಲೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಸಾವನದುರ್ಗಕ್ಕೋ ಸ್ಕಂದಗಿರಿಗೋ ಹೋಗಿ ಬಂದ ತಂಡಗಳಲ್ಲಿ ಪರಸ್ಪರ ಭಯ ಕರಗಿದ್ದನ್ನು ನಾನು ನೋಡಿದ್ದೇನೆ. ಶಾಪ್‌ನಲ್ಲಿ ತಲೆ ಎತ್ತದ ಹೆಲ್ಪರ್ ಬಂಡೆಯ ಮೇಲೆ ಎಲ್ಲರಿಗಿಂತ ಮುಂದೆ ಇರುತ್ತಾನೆ, ಸೂಪರ್‌ವೈಸರ್ ಅವನ ಕೈ ಹಿಡಿದು ಏರಬೇಕಾಗುತ್ತದೆ. ಅದು ಸಣ್ಣ ಸಂಗತಿಯಲ್ಲ.

ಹಳೆಯ ಟೂಲ್‌ರೂಮ್

ಸಣ್ಣ ಸಂಗತಿ ಎಂದು ನಾನೂ ಹೇಳುವುದಿಲ್ಲ. ಆದರೆ ಅಬರ್‌ಡವಿಯಲ್ಲಿ ಆ ಹುಡುಗರು ಸುಮಾರು ಒಂದು ತಿಂಗಳು ಇರುತ್ತಿದ್ದರು, ಮತ್ತು ಅವರು ಕಲಿತದ್ದು ತಾವು ಮುಂದೆ ಬದುಕಬೇಕಾದ ಸಮುದ್ರದಲ್ಲೇ. ರೆಸಾರ್ಟಿನ ಈಜುಕೊಳದ ಪಕ್ಕದಲ್ಲಿ ಒಂದು ಮಧ್ಯಾಹ್ನ ಆಡುವ ಆಟಕ್ಕೆ ಅದರ ಹೆಸರನ್ನು ಕೊಡಲಾಗದು.

ಚಾರಣದವ

ಒಪ್ಪುತ್ತೇನೆ. ಆಟದ ಅರ್ಧದಷ್ಟು ಹೊತ್ತಾದರೂ ಕುಳಿತು ಮಾತನಾಡದಿದ್ದರೆ ನಾನೂ ಅದನ್ನು ತರಬೇತಿ ಎನ್ನುವುದಿಲ್ಲ. ಎಷ್ಟೋ ಸಂಸ್ಥೆಗಳು ಆ ಮಾತಿನ ಹೊತ್ತನ್ನೇ ಮೊದಲು ಕತ್ತರಿಸುತ್ತವೆ, ಬಸ್ಸಿಗೆ ತಡವಾಗುತ್ತದೆ ಎಂದು.

ನಿವೃತ್ತ ಸುಬೇದಾರ್, ಕೊಡಗು

ಚಾರಣದವರು ಹೇಳಿದ ಆ ಮಾತಿನ ಹೊತ್ತಿಗೆ ಒಂದು ಕ್ರಮವಿದೆ. ಅಮೆರಿಕದ ಸೇನೆ ಅದನ್ನು ‘ಆಫ್ಟರ್ ಆ್ಯಕ್ಷನ್ ರಿವ್ಯೂ’ ಎಂದು ಕರೆಯಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಫೋರ್ಟ್ ಅರ್ವಿನ್ ತರಬೇತಿ ಕೇಂದ್ರದಲ್ಲಿ ಅದು ಗಟ್ಟಿಯಾಯಿತು. ನಮ್ಮ ಸೇನೆಯಲ್ಲಿಯೂ ಅಭ್ಯಾಸಕ್ಕೆ ಮುಂಚೆ ಮರಳಿನ ಮಾದರಿಯ ಸುತ್ತ ನಿಂತು ಯೋಜನೆ ಕೇಳುವುದು, ಮುಗಿದ ಮೇಲೆ ಕುಳಿತು ಒರೆಹಚ್ಚುವುದು ಇದ್ದೇ ಇದೆ.

ಪ್ರಶ್ನೆಗಳು ನಾಲ್ಕು. ಏನಾಗಬೇಕಿತ್ತು? ನಿಜವಾಗಿ ಏನಾಯಿತು? ಏಕೆ ಹಾಗಾಯಿತು? ಮುಂದಿನ ಸಲ ಏನನ್ನು ಉಳಿಸಿಕೊಳ್ಳುತ್ತೇವೆ, ಏನನ್ನು ಬದಲಿಸುತ್ತೇವೆ? ಅಲ್ಲಿ ಹುದ್ದೆಗೆ ಬೆಲೆಯಿಲ್ಲ. ಜವಾನ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ, ಅಧಿಕಾರಿ ಸುಮ್ಮನೆ ಕೇಳುತ್ತಾನೆ. ಮೊದಲು ಮಾತನಾಡಬೇಕಾದವನು ಅತಿ ಕಿರಿಯ. ಹಿರಿಯ ಬಾಯಿ ತೆರೆದರೆ ಉಳಿದವರೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ, ಇದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ.

ಪಾಳಿ ಬದಲಾಗುವಾಗ ಯಂತ್ರದ ಪಕ್ಕದಲ್ಲೇ ನಿಂತು ಹತ್ತು ನಿಮಿಷ ಇದನ್ನು ಮಾಡಿ. ಯಾರು ತಪ್ಪು ಮಾಡಿದರು ಎಂಬ ಪ್ರಶ್ನೆ ಮಾತ್ರ ಬೇಡ. ಆ ಒಂದು ಪ್ರಶ್ನೆ ಬಂದ ದಿನದಿಂದ ಯಾರೂ ನಿಜ ಹೇಳುವುದಿಲ್ಲ, ನಿಮ್ಮ ರಾತ್ರಿ ಪಾಳಿಯ ರಿಜೆಕ್ಟ್‌ಗಳು ಮತ್ತೆ ಮೂಲೆ ಸೇರುತ್ತವೆ.

ವಾರ್ಡ್ ಸಿಸ್ಟರ್, ಹುಬ್ಬಳ್ಳಿ

ಸುಬೇದಾರ್ ಸರ್ ಹೇಳಿದ ‘ಮೊದಲು ಕಿರಿಯರು ಮಾತನಾಡಲಿ’ ಎಂಬುದು ನಮ್ಮ ಕ್ಷೇತ್ರದಲ್ಲಿ ಜೀವದ ಪ್ರಶ್ನೆ. ಇದನ್ನು ಆಸ್ಪತ್ರೆಗಳು ಕಲಿತದ್ದು ವಿಮಾನಯಾನದಿಂದ.

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಸಂಸ್ಥೆಯ 173ನೇ ವಿಮಾನ ಬಿದ್ದು ಹತ್ತು ಜನ ಸತ್ತರು. ಎಂಜಿನ್ ಕೆಟ್ಟಿರಲಿಲ್ಲ, ಇಂಧನ ಮುಗಿದಿತ್ತು. ಚಕ್ರಗಳು ಸರಿಯಾಗಿ ಇಳಿದಿವೆಯೇ ಎಂಬ ಚಿಂತೆಯಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತುತ್ತಿದ್ದರು. ಇಂಧನ ಇಳಿಯುತ್ತಿರುವುದು ಜೊತೆಯವರಿಗೆ ಗೊತ್ತಿತ್ತು. ಅವರು ಸೂಚ್ಯವಾಗಿ ಹೇಳಿದರು, ಗಟ್ಟಿಯಾಗಿ ಹೇಳಲಿಲ್ಲ. ತನಿಖೆಯ ನಂತರ ಎರಡು ಸಂಗತಿಗಳ ಮೇಲೆ ಒತ್ತು ಬಿತ್ತು: ಕ್ಯಾಪ್ಟನ್ ಕೇಳಿಸಿಕೊಳ್ಳುವುದನ್ನು ಕಲಿಯಬೇಕು, ಕಿರಿಯರು ದೃಢವಾಗಿ ಹೇಳುವುದನ್ನು ಕಲಿಯಬೇಕು. 1979ರಲ್ಲಿ ನಾಸಾ ಕಾರ್ಯಾಗಾರ ನಡೆಸಿತು, 1981ರಲ್ಲಿ ಅದೇ ವಿಮಾನ ಸಂಸ್ಥೆ ತನ್ನ ಸಿಬ್ಬಂದಿಗೆ ಈ ತರಬೇತಿಯನ್ನು ಆರಂಭಿಸಿತು. ಇಂದು ಅದನ್ನು ಸಿಆರ್‌ಎಂ, ಅಂದರೆ ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ.

ಶಸ್ತ್ರಚಿಕಿತ್ಸೆಗೆ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕೆಂಬ ಅಂಶ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಪರಿಶೀಲನಾ ಪಟ್ಟಿಯಲ್ಲಿದೆ. ಒಮ್ಮೆ ತನ್ನ ಹೆಸರು ಹೇಳಿ ಬಾಯಿ ತೆರೆದವರಿಗೆ ಆಮೇಲೆ ‘ಡಾಕ್ಟರೇ, ಗಾಜ್ ಬಟ್ಟೆಯ ಲೆಕ್ಕ ಸರಿಯಿಲ್ಲ’ ಎನ್ನುವುದು ಸುಲಭ.

ನಮ್ಮ ವಾರ್ಡ್‌ನಲ್ಲಿ ಹೊಸ ಸ್ಟಾಫ್ ನರ್ಸ್‌ಗಳಿಂದ ನಾನು ಮಾಡಿಸುವ ಅಭ್ಯಾಸ ಹೀಗಿದೆ. ಒಬ್ಬರು ವೈದ್ಯರ ಪಾತ್ರ, ಒಬ್ಬರು ನರ್ಸ್. ‘ವೈದ್ಯರು’ ಬೇಕೆಂದೇ ಅವಸರದಲ್ಲಿರಬೇಕು, ಮಾತನ್ನು ಅರ್ಧಕ್ಕೇ ತುಂಡರಿಸಬೇಕು. ನರ್ಸ್ ನಾಲ್ಕು ವಾಕ್ಯಗಳಲ್ಲಿ ಹೇಳಬೇಕು: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಈಗ ಏನಾಗಬೇಕು. ಕಿವಿಗೊಡದಿದ್ದರೆ ಎರಡನೇ ಸಲವೂ ಅದನ್ನೇ ಸ್ಪಷ್ಟವಾಗಿ ಹೇಳಬೇಕು. ಆಗಲೂ ಕೇಳದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಗೋಡೆಯ ಮೇಲೆ ಬರೆದಿರಬೇಕು. ನಂತರ ಪಾತ್ರಗಳು ಅದಲುಬದಲು. ಮೃದು ಸ್ವಭಾವದ ಹುಡುಗಿಯರು ‘ಸರ್, ಸ್ವಲ್ಪ ನೋಡುತ್ತೀರಾ’ ಎಂಬಲ್ಲಿಂದ ‘ಸರ್, ರಕ್ತದೊತ್ತಡ ಇಳಿಯುತ್ತಿದೆ, ನೀವು ಈಗಲೇ ಬರಬೇಕು’ ಎಂಬಲ್ಲಿಗೆ ಬರುವುದನ್ನು ಕಂಡಾಗ ನನಗೆ ಆಗುವ ಸಂತೋಷ ದೊಡ್ಡದು.

ಪೀಣ್ಯದ ಸರ್, ನಿಮ್ಮ ಸೂಪರ್‌ವೈಸರ್‌ಗಳನ್ನು ಆಪರೇಟರ್ ಪಾತ್ರದಲ್ಲಿ ನಿಲ್ಲಿಸಿ. ಗದರುವ ಧ್ವನಿ ಇತ್ತ ಕಡೆಯಿಂದ ಹೇಗೆ ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತಾಗಲಿ.

ಪೀಣ್ಯ ಮೆಷಿನ್‌ಶಾಪ್

ಸಿಸ್ಟರ್, ಇದು ನಮ್ಮಲ್ಲಿಗೂ ನೇರವಾಗಿ ಹೊಂದುತ್ತದೆ. ಮೊದಲ ಜಾಬ್ ಅಳತೆ ಮೀರಿದೆ ಎಂದು ಹೆಲ್ಪರ್‌ಗೆ ಕಂಡರೂ, ಸೆಟ್ಟರ್ ‘ನಡೆಸು’ ಎಂದರೆ ಆತ ಬ್ಯಾಚ್ ಪೂರ್ತಿ ನಡೆಸುತ್ತಾನೆ. ನಿಮ್ಮ ನಾಲ್ಕು ವಾಕ್ಯಗಳನ್ನು ಬರೆದುಕೊಂಡಿದ್ದೇನೆ.

ನೂಲು ಸೂಜಿ

ಎಲ್ಲವನ್ನೂ ಓದಿದೆ. ಯಾರೂ ಎತ್ತದ ಒಂದು ಮಾತಿದೆ, ಹೇಳಲೇಬೇಕು.

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ ಸೇರಿ ಈಗ ಲೈನ್ ಸೂಪರ್‌ವೈಸರ್ ಆಗಿರುವವಳು. ಯಂತ್ರದ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹೆಂಗಸರು, ಅವರ ಬೆನ್ನ ಹಿಂದೆ ನಿಂತು ಪ್ರೊಡಕ್ಷನ್ ಕೇಳುವವರಲ್ಲಿ ಹೆಚ್ಚಿನವರು ಗಂಡಸರು. ಇಂತಹ ಜಾಗದಲ್ಲಿ ಮುಂದಾಳುತನದ ತರಬೇತಿ ಎಂದರೆ ಏನು ಎಂಬುದನ್ನು ಆ ಕಡೆಯಿಂದ ಕಂಡಿದ್ದೇನೆ.

ಅಮೆರಿಕದ ಉಡುಪು ಕಂಪನಿ ಗ್ಯಾಪ್ 2007ರಲ್ಲಿ ಭಾರತದಲ್ಲಿ ‘ಪೇಸ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಮಹಿಳಾ ಕಾರ್ಮಿಕರಿಗೆ ಮಾತುಗಾರಿಕೆ, ಸಮಯ ಮತ್ತು ಹಣದ ನಿರ್ವಹಣೆ, ಸಮಸ್ಯೆ ಬಿಡಿಸುವುದು ಇಂಥವನ್ನು ಕೆಲಸದ ಜಾಗದಲ್ಲೇ ತಿಂಗಳುಗಟ್ಟಲೆ ಕಲಿಸುತ್ತಿತ್ತು. ಬೆಂಗಳೂರಿನ ಕಾರ್ಖಾನೆಗಳಲ್ಲಿ ಇದರ ಫಲವನ್ನು ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಅಳೆದರು. ಸೇರಲು ಬಯಸಿದವರಲ್ಲಿ ಚೀಟಿ ಎತ್ತಿ ಕೆಲವರಿಗೆ ತರಬೇತಿ ಕೊಟ್ಟು, ಉಳಿದವರೊಂದಿಗೆ ಹೋಲಿಸಿದರು. ತರಬೇತಿ ಪಡೆದವರ ಉತ್ಪಾದಕತೆ ಶೇ. 10ಕ್ಕೂ ಮೀರಿ ಹೆಚ್ಚಿತ್ತು. ತರಬೇತಿ ಮುಗಿದ ಕೆಲವೇ ತಿಂಗಳಲ್ಲಿ ಕಾರ್ಖಾನೆಗೆ ಅದಕ್ಕೆ ಹಾಕಿದ ಹಣ ಹಲವು ಪಟ್ಟಾಗಿ ಮರಳಿತು. ತರಬೇತಿ ಪಡೆದವರ ಸಂಬಳ ಏರಿದ್ದು ಶೇ. 0.5ರ ಆಸುಪಾಸು.

ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದಿ.

ತರಬೇತಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೀಟಿಂಗ್‌ನಲ್ಲಿ ತಲೆ ಎತ್ತಿ ಮಾತನಾಡಲು ಬಂದದ್ದು, ಮನೆಯಲ್ಲಿ ಗಂಡನ ಎದುರು ಮಗಳ ಓದಿನ ಬಗ್ಗೆ ಗಟ್ಟಿಯಾಗಿ ನಿಂತದ್ದು, ಇವೆಲ್ಲ ನನ್ನ ಜೊತೆಯವರ ಬಾಳಿನಲ್ಲಿ ನಡೆದಿವೆ. ಆದರೆ ಮುಂದಾಳಾಗು ಎಂದು ಕಲಿಸಿ, ಸಂಬಳವನ್ನೂ ಅಧಿಕಾರವನ್ನೂ ಇದ್ದಲ್ಲೇ ಇಟ್ಟರೆ, ಕಲಿತವಳಿಗೆ ಅದು ಹೊರೆಯಾಗುತ್ತದೆ. ತರಬೇತಿಯಲ್ಲಿ ‘ಆಪರೇಟರ್ ಕಷ್ಟ ಕೇಳಿ’ ಎನ್ನುತ್ತಾರೆ. ಲೈನ್‌ಗೆ ಬಂದಾಗ, ಮಗುವಿಗೆ ಜ್ವರ ಎಂದವಳಿಗೆ ಎರಡು ಗಂಟೆಯ ಅನುಮತಿ ಕೊಡುವ ಅಧಿಕಾರ ನನಗಿಲ್ಲ. ಫ್ಲೋರ್ ಇನ್‌ಚಾರ್ಜ್‌ರನ್ನು ಕೇಳಬೇಕು, ಅವರು ಟಾರ್ಗೆಟ್ ತೋರಿಸುತ್ತಾರೆ. ಆಗ ನನ್ನ ಕೇಳುವ ಕಿವಿಗೆ ಏನು ಅರ್ಥ?

ಪೀಣ್ಯದ ಅಣ್ಣನವರೇ, ನಿಮ್ಮ ಸೂಪರ್‌ವೈಸರ್‌ಗಳಿಗೆ ಯಂತ್ರ ನಿಲ್ಲಿಸುವ ಅಧಿಕಾರ ಇದೆಯೇ? ಬಡ್ತಿಯ ಜೊತೆ ಸಂಬಳ ಏರಿದೆಯೇ? ತರಬೇತಿ ಪಾಳಿಯ ಹೊತ್ತಿನಲ್ಲೋ, ಭಾನುವಾರವೋ? ಯಾವ ಆಟ ಆಡಿಸಬೇಕು ಎಂಬುದು ಇವುಗಳ ನಂತರದ ಮಾತು.

ಸ್ಟುಟ್‌ಗಾರ್ಟ್ ಕನ್ನಡಿಗ

ನೂಲು ಸೂಜಿ ಅಕ್ಕ, ಈ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬಂದಿಲ್ಲ.

ಪಂಚಾಯಿತಿ ಕಚೇರಿ

ಸರ್ಕಾರಿ ಕಡೆಯಿಂದ ಚಿಕ್ಕದಾಗಿ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಮತ್ತು ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲಿ ನಮ್ಮಂತಹ ಪಂಚಾಯಿತಿ ಅಧಿಕಾರಿಗಳಿಗೆ ತರಬೇತಿ ನಡೆಯುತ್ತದೆ. ಉಪನ್ಯಾಸಗಳಲ್ಲಿ ಕಲಿತ ನಿಯಮಗಳು ಉಪಯೋಗಕ್ಕೆ ಬರುತ್ತವೆ, ಆದರೆ ಮನಸ್ಸಿನಲ್ಲಿ ಉಳಿಯುವುದು ಅಣಕು ಗ್ರಾಮಸಭೆ. ಒಬ್ಬರು ಕುಡಿಯುವ ನೀರಿಗೆ ಜಗಳ ತೆಗೆಯುವ ಗ್ರಾಮಸ್ಥ, ಒಬ್ಬರು ಹೊಸದಾಗಿ ಆಯ್ಕೆಯಾದ ಅಧ್ಯಕ್ಷೆ, ಒಬ್ಬರು ಅವರ ಪರವಾಗಿ ಉತ್ತರಿಸಲು ಎದ್ದು ನಿಲ್ಲುವ ಪತಿ. ‘ಅಧ್ಯಕ್ಷರೇ ಉತ್ತರಿಸಲಿ’ ಎಂದು ಆ ಪತಿಯನ್ನು ಮರ್ಯಾದೆಗೆಡಿಸದೆ ಕೂರಿಸುವುದು ಹೇಗೆ ಎಂಬುದನ್ನು ಹತ್ತು ಪುಟ ಓದಿ ಕಲಿಯಲಾಗದು.

ಪೀಣ್ಯ ಮೆಷಿನ್‌ಶಾಪ್

ಅಕ್ಕನವರ ಪ್ರಶ್ನೆಗಳನ್ನು ಹಾಗೆಯೇ ಮುದ್ರಿಸಿಕೊಂಡು ಮಾಲೀಕರ ಮುಂದೆ ಇಟ್ಟೆ. ದೀರ್ಘವಾದ ಮಾತುಕತೆಯಾಯಿತು. ಫಲ ಹೀಗಿದೆ.

ಮೊದಲ ಜಾಬ್ ಅಳತೆ ಮೀರಿದರೆ ಆಪರೇಟರ್ ಸಹ ಯಂತ್ರ ನಿಲ್ಲಿಸಬಹುದು, ಸೂಪರ್‌ವೈಸರ್ ಬಂದು ನೋಡುವವರೆಗೆ ಮತ್ತೆ ನಡೆಸುವಂತಿಲ್ಲ. ಇದು ಲಿಖಿತ ಆದೇಶವಾಗಿ ಬರುತ್ತದೆ. ಎರಡು ಗಂಟೆಯವರೆಗಿನ ಅನುಮತಿಯನ್ನು ಸೂಪರ್‌ವೈಸರ್ ತಾವೇ ಕೊಡಬಹುದು. ತರಬೇತಿ ಪಾಳಿಯ ಹೊತ್ತಿನೊಳಗೇ ನಡೆಯುತ್ತದೆ. ಸಂಬಳದ ಏರಿಕೆ ಈ ವರ್ಷ ಆಗಿರುವುದು ಕಡಿಮೆ ಎಂಬುದನ್ನು ನಾನು ಬಚ್ಚಿಡುವುದಿಲ್ಲ. ಮುಂದಿನ ಪರಿಷ್ಕರಣೆಯಲ್ಲಿ, ಎಷ್ಟು ಜನರನ್ನು ಕೆಲಸದಲ್ಲಿ ಪಳಗಿಸಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿದ್ದೇನೆ. ಮಾಲೀಕರು ಇನ್ನೂ ಮಾತು ಕೊಟ್ಟಿಲ್ಲ.

ನೂಲು ಸೂಜಿ

ಲಿಖಿತವಾಗಿ ಬಂದದ್ದು ದೊಡ್ಡದು. ಆ ಆದೇಶವನ್ನು ನೋಟಿಸ್ ಬೋರ್ಡ್‌ನಲ್ಲಿ ಹಾಕಿ, ಕಚೇರಿಯ ಕಡತದಲ್ಲಿ ಇಟ್ಟರೆ ಸಾಲದು. ಸಂಬಳದ ಮಾತನ್ನು ಬಿಡಬೇಡಿ, ನಾನು ಮತ್ತೆ ಕೇಳುತ್ತೇನೆ. ಮತ್ತೊಂದು: ಮೊದಲ ಸಲ ಯಂತ್ರ ನಿಲ್ಲಿಸುವ ಆಪರೇಟರ್‌ಗೆ ಏನಾಗುತ್ತದೆ ಎಂದು ಎಲ್ಲರೂ ನೋಡುತ್ತಿರುತ್ತಾರೆ. ಆತ ತಪ್ಪಾಗಿ ಅಳೆದು ನಿಲ್ಲಿಸಿದ್ದರೂ ಅಂದು ನೀವೇ ಹೋಗಿ ಎಲ್ಲರ ಎದುರು ‘ಒಳ್ಳೆಯದು ಮಾಡಿದೆ’ ಎನ್ನಬೇಕು.

ಚಾರಣದವ

ಹಾಗಾದರೆ ಬೆಟ್ಟವನ್ನು ಪೂರ್ತಿ ಬಿಡಬೇಡಿ. ಕೆಲವು ತಿಂಗಳ ಈ ಅಭ್ಯಾಸ ಮುಗಿದ ಮೇಲೆ ಸಾವನದುರ್ಗಕ್ಕೆ ಬನ್ನಿ, ಆಪರೇಟರ್‌ಗಳನ್ನೂ ಕರೆತನ್ನಿ. ಸುಬೇದಾರರ ನಾಲ್ಕು ಪ್ರಶ್ನೆಗಳನ್ನು ಬಂಡೆಯ ಮೇಲೆ ಕುಳಿತು ಕೇಳೋಣ. ನನ್ನ ಶುಲ್ಕ ಬೇಡ.

ಪೀಣ್ಯ ಮೆಷಿನ್‌ಶಾಪ್

ಖಂಡಿತ. ಈಗ ಟೂಲ್‌ರೂಮ್ ಹಿರಿಯರಿಗೆ ಒಂದು ಪ್ರಶ್ನೆ. ಮೊದಲ ಬೈಠಕ್‌ಗೆ ಲೇತ್‌ನಲ್ಲಿ ಇನ್‌ಸರ್ಟ್ (ಲೋಹ ಕತ್ತರಿಸುವ ಬದಲಿಸಬಹುದಾದ ತುದಿ) ಬದಲಿಸುವ ಕೆಲಸವನ್ನು ಆಯ್ದುಕೊಂಡಿದ್ದೇವೆ. ಆದರೆ ಆಪರೇಟರ್‌ಗಳಲ್ಲಿ ಒಡಿಶಾ, ಬಿಹಾರದವರು ಬಹಳ. ಸೂಪರ್‌ವೈಸರ್‌ಗಳೆಲ್ಲ ಕನ್ನಡದವರು, ಅರ್ಧಂಬರ್ಧ ಹಿಂದಿ. ನಾಲ್ಕು ಹಂತದಲ್ಲಿ ‘ಹೇಳುವುದು’ ಇದೆಯಲ್ಲ, ಅದನ್ನು ಹೇಗೆ ನಿಭಾಯಿಸುವುದು?

ಹಳೆಯ ಟೂಲ್‌ರೂಮ್

ಒಳ್ಳೆಯ ಪ್ರಶ್ನೆ. ಕೆಲಸವನ್ನು ಒಡೆಯುವಾಗಲೇ ಮಾತನ್ನು ಕಡಿಮೆ ಮಾಡಿ. ಇನ್‌ಸರ್ಟ್ ಬದಲಿಸುವುದರಲ್ಲಿ ಹಂತಗಳು ಇಷ್ಟೇ: ಹಳೆಯದನ್ನು ಬಿಚ್ಚು, ಕೂರುವ ಜಾಗ ಶುಚಿ ಮಾಡು, ಹೊಸದನ್ನು ಕೂರಿಸಿ ಬಿಗಿ ಮಾಡು, ಆಫ್‌ಸೆಟ್ ನೋಡು, ಮೊದಲ ಜಾಬ್ ಅಳೆ. ಪ್ರತಿ ಹಂತಕ್ಕೆ ಒಂದು ಮುಖ್ಯಾಂಶ, ಅದಕ್ಕೊಂದು ಕಾರಣ. ಕೂರುವ ಜಾಗದಲ್ಲಿ ಒಂದು ಸಣ್ಣ ಚಿಪ್ (ಲೋಹದ ಚೂರು) ಉಳಿದರೂ ಇನ್‌ಸರ್ಟ್ ಎತ್ತರದಲ್ಲಿ ಕೂರುತ್ತದೆ, ಅಳತೆ ಕೆಡುತ್ತದೆ, ತುದಿಯೂ ಮುರಿಯಬಹುದು. ಇದನ್ನು ಹೇಳಬೇಕಾಗಿಲ್ಲ, ಬೇಕೆಂದೇ ಒಂದು ಚಿಪ್ ಬಿಟ್ಟು, ಚಕ್ ತಿರುಗಿಸದೆ, ಇನ್‌ಸರ್ಟ್ ಅಲುಗಾಡುವುದನ್ನು ಅವನ ಬೆರಳಿಗೇ ತಿಳಿಸಿ.

ಮೂರನೇ ಹಂತದಲ್ಲಿ ಅವನು ಮಾಡುತ್ತಲೇ ವಿವರಿಸುವುದು ಒಡಿಯಾದಲ್ಲೇ ಇರಲಿ. ಎರಡೂ ಭಾಷೆ ಬಲ್ಲ ಹಳೆಯ ಆಪರೇಟರ್ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿ, ಮುಖ್ಯಾಂಶ ಬಂತೇ ಇಲ್ಲವೇ ಎಂಬುದನ್ನು ಅವನು ಹೇಳಲಿ. ಹಾಗೆ ನಿಂತವನೇ ನಿಮ್ಮ ಮುಂದಿನ ಸೂಪರ್‌ವೈಸರ್ ಆಗಬಹುದು, ಅವನ ಹೆಸರನ್ನು ಈಗಲೇ ಪಟ್ಟಿಗೆ ಸೇರಿಸಿ. ಹಂತಗಳ ಹಾಳೆಯನ್ನು ಒಡಿಯಾ, ಹಿಂದಿ, ಕನ್ನಡ ಮೂರರಲ್ಲೂ ಯಂತ್ರದ ಬಾಗಿಲಿಗೆ ಅಂಟಿಸಿ, ಫೋಟೋಗಳು ದೊಡ್ಡದಾಗಿರಲಿ. ಮೊದಲ ಬೈಠಕ್ ಯಾವ ದಿನ ಎಂದು ತಿಳಿಸಿದರೆ ನಾನೂ ಬಂದು ಹಿಂದೆ ಕುಳಿತು ನೋಡುತ್ತೇನೆ.

ಪೀಣ್ಯ ಮೆಷಿನ್‌ಶಾಪ್

ಮುಂದಿನ ಬುಧವಾರ, ಎರಡನೇ ಪಾಳಿ ಶುರುವಾಗುವ ಮುನ್ನ. ಗೇಟಿನಲ್ಲಿ ನಿಮ್ಮ ಹೆಸರು ಕೊಟ್ಟಿರುತ್ತೇನೆ, ಬನ್ನಿ ಸರ್. ಗಂಟು ಹಾಕಲು ವೈರ್ ಮತ್ತು ಹೋಲ್ಡರ್ ತಂದಿಟ್ಟಿದ್ದೇನೆ.